ದಾಕ್ಷಾಯಣಿಯ ಹಸಿರು ಕಡಗ

ಮನಸ್ಸಿನ ಖಿನ್ನತೆಯನ್ನು ಜ್ವರದ ಹಾಗೆ ಅಳೆಯಲು ಬಂದರೆ ಏನಾದೀತು? ಈ ಪ್ರಶ್ನೆಯನ್ನು ದೊಡ್ಡ ಊರುಗಳ ದೊಡ್ಡ ಸಭೆಗಳಲ್ಲಿ ಬಹಳ ಜನ ಕೇಳಿದ್ದರು. ಉತ್ತರ ಸಿಕ್ಕಿದ್ದು ಬನಹಟ್ಟಿಯಲ್ಲಿ, ವಿದ್ಯುತ್ ಮಗ್ಗಗಳ ಸದ್ದಿನ ನಡುವೆ. ಮೊದಲು ನಾಚಿಕೆ ಹೋಗುತ್ತದೆ. ಆಮೇಲೆ ಒಬ್ಬರ ಮಾತಿನ ಮೇಲೆ ಒಬ್ಬರಿಗಿದ್ದ ನಂಬಿಕೆ ಹೋಗುತ್ತದೆ. ನಾಚಿಕೆ ಹೋದದ್ದನ್ನು ಪತ್ರಿಕೆಗಳು ಬಣ್ಣ ಬಣ್ಣವಾಗಿ ಬರೆದವು. ಎರಡನೆಯದನ್ನು ನಾನು ಬರೆಯುತ್ತಿದ್ದೇನೆ, ಏಕೆಂದರೆ ಅದರಲ್ಲಿ ನನ್ನ ಕೈಯೂ ಇತ್ತು.

ನಾನು ಪ್ರಭುಲಿಂಗ. ಓದಿದ್ದು ಜೀವರಸಾಯನ. ಬನಹಟ್ಟಿಯ ಚಯಾಪಚಯ ಮನೋಕ್ಷೇಮ ಕೇಂದ್ರದ ವೀಕ್ಷಣಾ ಕೋಣೆಯಲ್ಲಿ ಹಿರಿಯ ವಿಶ್ಲೇಷಕನಾಗಿದ್ದೆ. ಅಷ್ಟುದ್ದದ ಹೆಸರು ಹೇಳುವ ತಾಳ್ಮೆ ನೇಕಾರರಿಗೆ ಇರಲಿಲ್ಲ. ಊರಿನವರು ಅದನ್ನು ‘ಒಲಿ ಆಫೀಸು’ ಎಂದು ಕರೆದರು. ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ವಿಷಯ ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು.

ವಿಷಯ ಇಷ್ಟು. ಮೆದುಳಿನ ತೂಕ ದೇಹದ ತೂಕದಲ್ಲಿ ಐವತ್ತರಲ್ಲೊಂದು ಪಾಲು. ಆದರೆ ದೇಹದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಅದೇ ತಿಂದುಹಾಕುತ್ತದೆ. ಹಗಲೆಲ್ಲ ಮಗ್ಗದ ಮುಂದೆ ನಿಂತು, ತಾಸಿಗೊಮ್ಮೆ ಸಕ್ಕರೆ ಚಹಾ ಕುಡಿದು, ಪಾಳಿ ಬದಲಾದಂತೆಲ್ಲ ನಿದ್ದೆ ಕೆಡಿಸಿಕೊಂಡ ಮೈಯಲ್ಲಿ ಇನ್ಸುಲಿನ್‌ನ ಮಾತು ನಡೆಯದಂತಾಗುತ್ತದೆ. ರಕ್ತದ ತುಂಬ ಸಕ್ಕರೆ ಇದ್ದರೂ ಜೀವಕೋಶದ ಬಾಗಿಲು ತೆರೆಯುವುದಿಲ್ಲ. ಒಳಗಿರುವ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳು ಮಂದವಾಗುತ್ತವೆ. ಉಂಡ ಹೊಟ್ಟೆಯ ಮೇಲೆ ಮೆದುಳು ಹಸಿದು ಕೂರುತ್ತದೆ. ಆಗ ಮನುಷ್ಯನಿಗೆ ಬೇಸರ ಹತ್ತುತ್ತದೆ, ಬೇಸರ ಹತ್ತಿದವನು ಇನ್ನೂ ಕಡಿಮೆ ನಡೆಯುತ್ತಾನೆ, ಇನ್ನೂ ಕೆಟ್ಟದಾಗಿ ಉಣ್ಣುತ್ತಾನೆ, ಒಲೆ ಇನ್ನೂ ಮಂದವಾಗುತ್ತದೆ. ಇದು ಎಲ್ಲ ಖಿನ್ನತೆಯ ಕಥೆಯಲ್ಲ. ಬಹಳಷ್ಟರ ಕಥೆ ಮಾತ್ರ. ಈ ಕೊನೆಯ ಎರಡು ವಾಕ್ಯ ನಮ್ಮ ಕೈಪಿಡಿಯ ನಲವತ್ತನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿದ್ದವು.

ಕೇಂದ್ರದಿಂದ ಊರಿನವರ ಮಣಿಕಟ್ಟಿಗೆ ಕಟ್ಟುತ್ತಿದ್ದ ಕಡಗ ಈ ಒಲೆಯನ್ನು ಅಳೆಯುತ್ತಿತ್ತು. ಕೂದಲಿಗಿಂತ ಸಪೂರ ಸೂಜಿಗಳು ಅದರ ಒಳಮೈಯಲ್ಲಿದ್ದವು, ಚುಚ್ಚಿದ್ದೂ ಗೊತ್ತಾಗುತ್ತಿರಲಿಲ್ಲ. ಸಕ್ಕರೆ, ಲ್ಯಾಕ್ಟೇಟ್, ಕೀಟೋನ್, ಮೈಯ ಬಿಸಿ, ನಿದ್ದೆ ಎಲ್ಲವನ್ನೂ ಲೆಕ್ಕ ಹಾಕಿ ಹದಿನಾಲ್ಕು ದಿನದ ಸರಾಸರಿಯನ್ನು ನೂರಕ್ಕೆ ಇಷ್ಟು ಎಂದು ತೋರಿಸುತ್ತಿತ್ತು. ಐವತ್ತೈದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಸಿರು ದೀಪ. ಕಡಿಮೆಯಿದ್ದರೆ ಕೆಂಪು. ಒಬ್ಬೊಬ್ಬರ ಮೈ ಒಂದೊಂದು ತರಹ ಎಂದು, ಕಟ್ಟಿಕೊಂಡ ಮೊದಲ ಮೂರು ವಾರವನ್ನು ಅವರವರ ತಳಮಟ್ಟವೆಂದು ಕಡಗ ಕಲಿತುಕೊಳ್ಳುತ್ತಿತ್ತು. ಆಮೇಲಿನದೆಲ್ಲ ಆ ತಳಮಟ್ಟದ ಮೇಲಿನ ಏರಿಳಿತ. ಇದನ್ನು ನೆನಪಿಡಬೇಕು.

ಹದಿನಾರು ತಿಂಗಳಲ್ಲಿ ಊರು ಕಡಗಕ್ಕೆ ಒಗ್ಗಿಹೋಯಿತು. ಮೊದಲು ‘ತಲಿ ಕೆಟ್ಟೈತಿ’ ಎಂದು ಮನೆಯೊಳಗೆ ಮುಚ್ಚಿಡುತ್ತಿದ್ದವರು ಈಗ ಚಹಾದಂಗಡಿಯಲ್ಲಿ ಕೂತು ‘ನಂದು ಒಲಿ ಮೂವತ್ತೆಂಟಕ್ಕ ಇಳದೈತ್ರಿ’ ಎಂದು ತೋಳು ಮೇಲೆ ಮಾಡಿ ತೋರಿಸುತ್ತಿದ್ದರು. ಕೆಂಪು ದೀಪದವರಿಗೆ ಕೇಂದ್ರದಿಂದ ಊಟದ ಪಟ್ಟಿ, ನಡಿಗೆಯ ಪಟ್ಟಿ, ಬೇಕಾದರೆ ಮಾತ್ರೆ. ಮಗ್ಗದ ಮಾಲೀಕರು ಅವರಿಗೆ ರಾತ್ರಿ ಪಾಳಿ ಹಾಕುವಂತಿರಲಿಲ್ಲ. ಕೆಂಪು ದೀಪದ ಮನೆಗೆ ನೆರೆಹೊರೆಯವರು ಅಗಸಿ ಹಿಂಡಿಯ, ಅಂದರೆ ಅಗಸೆ ಚಟ್ನಿಪುಡಿಯ, ಡಬ್ಬಿ ಹಿಡಿದು ಮಾತಾಡಿಸಲು ಹೋಗುವುದು ರೂಢಿಯಾಯಿತು. ಅಗಸಿಯಲ್ಲಿ ಮೆದುಳಿಗೆ ಬೇಕಾದ ಕೊಬ್ಬಿದೆ ಎಂದು ನಾವೇ ಹೇಳಿದ್ದೆವು. ಡಬ್ಬಿ ಹಿಡಿದು ಹೋಗಿ ಎಂದು ನಾವು ಹೇಳಿರಲಿಲ್ಲ. ಅದು ಊರಿನ ಸ್ವಂತದ್ದು.

ಜನ ಗುಣವಾದರು. ಇದನ್ನು ಸುಳ್ಳು ಎನ್ನುವವನು ನಾನಲ್ಲ. ನನ್ನ ಭಾವ ಮಲ್ಲೇಶಪ್ಪನೇ ಸಾಕ್ಷಿ.

ಭಾವನ ಮನೆಯ ಮುಂಭಾಗದಲ್ಲಿ ನಾಲ್ಕು ಮಗ್ಗ. ಅವನು ಮಾತಾಡುವುದೆಲ್ಲ ಆ ಸದ್ದಿನ ಮೇಲೆಯೇ, ಕೂಗಿ. ಮನೆಗೆ ಯಾರೇ ಬರಲಿ, ಮಗ್ಗ ನಿಲ್ಲಿಸಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅಂಥವನು ಕಡಗ ಬಂದ ವರ್ಷದ ಚಳಿಗಾಲದಲ್ಲಿ ಮೂವತ್ತೊಂದಕ್ಕೆ ಇಳಿದು, ನೂಲು ಹರಿದರೂ ಸುಮ್ಮನೆ ನೋಡುತ್ತ ನಿಂತಿರುತ್ತಿದ್ದ. ನನ್ನ ಅಕ್ಕ ದಾಕ್ಷಾಯಣಿ ಊಟದ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಸಜ್ಜಿ ರೊಟ್ಟಿ, ಮೊಳಕೆ ಕಾಳು, ಹಸಿ ಮೆಂತ್ಯ, ಸಕ್ಕರೆಯಿಲ್ಲದ ಚಹಾ. ಅವನು ಒಬ್ಬನೇ ನಡೆಯಲು ಹೋಗುವುದಿಲ್ಲ ಎಂದು ದಿನಾ ಬೆಳಗ್ಗೆ ನಾಲ್ಕು ಕಿಲೋಮೀಟರು ತಾನೂ ನಡೆದಳು. ಅವನು ಒಬ್ಬನೇ ಅದನ್ನು ತಿನ್ನುವುದಿಲ್ಲ ಎಂದು ತಾನೂ ಅದನ್ನೇ ತಿಂದಳು. ಎಂಟು ತಿಂಗಳಲ್ಲಿ ಭಾವ ಅರವತ್ತಕ್ಕೆ ಬಂದ. ಮತ್ತೆ ಕೂಗಿ ಮಾತಾಡತೊಡಗಿದ. ಅಕ್ಕನ ಅಂಕ ಎಪ್ಪತ್ತೊಂದು. ಅವಳ ಹಸಿರು ಬಳೆಗಳ ಸಾಲಿನಲ್ಲಿ ಕಡಗದ ಹಸಿರು ದೀಪ ಬೆರೆತುಹೋಗಿ ಹುಡುಕಿದರಷ್ಟೇ ಕಾಣುತ್ತಿತ್ತು.

ಎರಡನೆಯ ವರ್ಷದ ಕಾರ್ತಿಕದಲ್ಲಿ ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಹೋಗಿದ್ದೆ. ಭಾವ ಮುಂದೆ ಮಗ್ಗದಲ್ಲಿದ್ದ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಪ್ರಭು, ಒಂದ್ ಮಾತ ಹೇಳ್ಲೇನು?” ಎಂದಳು, ತಲೆ ಎತ್ತದೆ.

“ಹೇಳಕ್ಕ.”

“ನನಗ ಏನೂ ಬ್ಯಾಡಾಗೈತೋ. ಮುಂಜಾನೆ ಕಣ್ಣ ಬಿಟ್ಟ ಕೂಡ್ಲೇ ಯಾಕರ ಎಚ್ಚರಾತೋ ಅನಸ್ತೈತಿ. ಉಪ್ಪು ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ನಾ ಇಲ್ಲದಿದ್ರ ಯಾರಿಗೇನ್ ಕಮ್ಮಿ ಬೀಳ್ತೈತಿ ಅಂತ ಒಂದs ಸವನ ತಲ್ಯಾಗ ಬರ್ತೈತಿ.”

ನಾನು ಅವಳ ಮಣಿಕಟ್ಟಿನ ಕಡೆ ನೋಡಿದೆ. ಮುಖ ನೋಡಬೇಕಾಗಿತ್ತು; ಮಣಿಕಟ್ಟು ನೋಡಿದೆ.

“ಎಪ್ಪತ್ತೊಂದೈತಲ್ಲಕ್ಕ! ನಂದs ಅರವತ್ತಾರು. ಏನೂ ಇಲ್ಲ, ಸುಮ್ನ ದಣದೀದಿ. ನಾಕ್ ದಿನ ಆರಾಮ ಮಾಡು.”

ಅಕ್ಕ ತಾನೂ ಕಡಗ ನೋಡಿಕೊಂಡಳು. “ಹೌದೇನು,” ಎಂದು ರೊಟ್ಟಿ ತಿರುವಿ ಹಾಕಿದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾನು ಮೂರು ರೊಟ್ಟಿ ಉಂಡು ಮನೆಗೆ ಬಂದೆ. ಆ ಮೂರು ರೊಟ್ಟಿ ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅದಾದ ಹತ್ತು ದಿನಕ್ಕೆ ವೀಕ್ಷಣಾ ಕೋಣೆಗೆ ಜಮಖಂಡಿಯಿಂದ ಫೋನ್ ಬಂತು. ಮಾಡಿದವರು ಡಾಕ್ಟರ್ ಇನಾಮದಾರ್, ಹಳೆಯ ಕಾಲದ ಮನೋವೈದ್ಯರು. ಒಬ್ಬ ರೋಗಿಯ ಜೊತೆ ಒಂದು ತಾಸು ಮಾತಾಡುವವರು. ಕಡಗ ಬಂದ ಮೇಲೆ ಬನಹಟ್ಟಿಯಿಂದ ಅವರ ಹತ್ತಿರ ಹೋಗುವವರು ನಿಂತೇ ಹೋಗಿದ್ದರು. ನಮ್ಮ ಕೇಂದ್ರದಲ್ಲಿ ಅವರ ಬಗ್ಗೆ ತಮಾಷೆ ಮಾಡುವುದೂ ಇತ್ತು.

“ನಿಮ್ಮ ಹಸಿರು ದೀಪದಾಕಿ ಒಬ್ಬಾಕಿ ನನ್ನ ಮುಂದ ಕುಂತಾಳ್ರಿ,” ಎಂದರು. “ರುದ್ರವ್ವ ಅಂತ. ಮೂರು ವಾರದಿಂದ ಹಾಸಿಗಿ ಬಿಟ್ಟಿಲ್ಲ. ಮನ್ಯಾಗಿನವರು ದೀಪ ಹಸಿರೈತಿ, ನಾಟಕ ಮಾಡ್ತಾಳ ಅಂತಾರ. ಈ ವಾರದಾಗ ಇಕಿ ಮೂರನೇದಾಕಿ. ನೀವೊಂದಿಷ್ಟು ನೋಡ್ರಲ್ಲ.”

ಮೂವರ ದಾಖಲೆಯನ್ನೂ ಗೋಡೆಯಗಲದ ಪರದೆಯ ಮೇಲೆ ಹರಡಿದೆ. ಮೂವರೂ ಹೆಂಗಸರು. ಮೂವರೂ ಮೊದಲ ಕಂತಿನಲ್ಲಿ, ಒಂದೇ ದಿನ ಕಡಗ ಕಟ್ಟಿಸಿಕೊಂಡವರು. ಸೂಜಿ ಸರಿಯಿತ್ತು, ಲೆಕ್ಕ ಸರಿಯಿತ್ತು. ತಳಮಟ್ಟದ ಮೂರು ವಾರವನ್ನು ತೆರೆದು ನೋಡಿದೆ. ಮೂರೂ ರೇಖೆಗಳು ಒಂದೇ ಅಚ್ಚಿನಿಂದ ತೆಗೆದ ಹಾಗಿದ್ದವು. ಅಷ್ಟರಲ್ಲಿ ಕೇಂದ್ರದ ಚಹಾದ ದಾನವ್ವ ಬಂದಳು. ಕಪ್ಪು ಇಟ್ಟವಳು ಪರದೆ ನೋಡುತ್ತ ನಿಂತಳು.

“ಇದೇನ್ರಿ ಸಾಹೇಬ್ರ, ಗುಡ್ಡ ಗುಡ್ಡ ಆಗೇತಲ್ಲ?”

“ಊಟದ್ದು, ದಾನವ್ವ. ಉಂಡಾಗ ಏರ್ತೈತಿ.”

“ಮತ್ತ ದಿನಕ್ಕೊಂದs ಗುಡ್ಡ ಐತಿ. ಅದೂ ಸಂಜಿಕ್ಕ.” ಅವಳು ಬೆರಳಿಟ್ಟು ತೋರಿಸಿದಳು. “ಈ ಮೂರು ದಿನ ನೋಡ್ರಿ, ಗುಡ್ಡನs ಇಲ್ಲ. ಏಳೇಳು ದಿನಕ್ಕೊಂದು. ಸೋಮವಾರ ಇರಬೇಕ್ರಿ ಇವು. ಶ್ರಾವಣ ಸೋಮವಾರ.”

ಪರದೆಯ ಮೂಲೆಯಲ್ಲಿ ತಾರೀಖು ಇತ್ತು. ಅದನ್ನು ನಾನು ಸಾವಿರ ಸಲ ನೋಡಿದ್ದೆ. ಪಂಚಾಂಗದ ಕಣ್ಣಿನಿಂದ ನೋಡಿರಲಿಲ್ಲ.

“ಶ್ರಾವಣದಾಗ ನಾವೆಲ್ಲ ಒಂದೊಪ್ಪತ್ತಲ್ರಿ,” ಎಂದಳು ದಾನವ್ವ. “ಯಾರು ಊಟ ಬಿಟ್ಟಾರ, ಯಾರಿಗೆ ಊಟ ಸೇರವಲ್ದು, ಹ್ಯಾಂಗ್ ತಿಳೀಬೇಕು? ನಮ್ಮ ನೆಗೆಣ್ಣಿ ಆ ಸಲ ಇಡೀ ಶ್ರಾವಣ ತಾಟಿನ ಮುಂದ ಕುಂತು ಎದ್ದಾಳ. ನಾವು ಭಾಳ ಭಕ್ತಿ ಬಂದೈತಿ ಇಕಿಗಿ ಅಂದ್ವಿ.”

ದಾನವ್ವ ಹಿಂದಿನ ಸುತ್ತಿನ ಖಾಲಿ ಕಪ್ಪು ತೆಗೆದುಕೊಂಡು ಹೋದಳು.

ಹಳೆಯ ಕಡತ ತೆಗೆಸಿದೆ. ಕಡಗ ತಯಾರಿಸಿದವರ ಪತ್ರದಲ್ಲಿ ಜೂನ್ ಕೊನೆಯ ವಾರ ಶುರುಮಾಡಿ ಎಂದು ಸ್ಪಷ್ಟವಾಗಿತ್ತು. ಅದರ ಅಂಚಿನಲ್ಲಿ ನನ್ನದೇ ಅಕ್ಷರ: ‘ಆಷಾಢ ಮುಗಿಯಲಿ. ಶ್ರಾವಣದ ಮೊದಲ ಸೋಮವಾರ ಒಳ್ಳೆಯದು.’ ಕೆಳಗೆ ನಿರ್ದೇಶಕಿ ಡಾಕ್ಟರ್ ಮಂದಾಕಿನಿ ಗಲಗಲಿ ಅವರ ಸಹಿ. ಜೀವರಸಾಯನ ಓದಿದ ನಾನು, ವೈದ್ಯಕೀಯ ಓದಿದ ಅವರು, ಇಬ್ಬರೂ ಆಷಾಢದಲ್ಲಿ ಹೊಸ ಕೆಲಸ ಬೇಡ ಎಂದುಕೊಂಡಿದ್ದೆವು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಆಷಾಢದಲ್ಲಿ ಕೊಟ್ಟಿದ್ದರೆ ಈ ಊರಲ್ಲಿ ಯಾರೂ ಕಡಗಕ್ಕೆ ಕೈಚಾಚುತ್ತಿರಲಿಲ್ಲ. ತಪ್ಪಾದದ್ದು ಆಮೇಲೆ. ಊರಿಗೆ ಊರೇ ಉಪವಾಸ ಮಾಡುವ ತಿಂಗಳನ್ನು ನಾವು ಊರಿನ ಸಹಜ ಸ್ಥಿತಿ ಎಂದು ಬರೆದುಕೊಂಡೆವು. ಆಗಲೇ ಕುಸಿದಿದ್ದ ಹೆಂಗಸರ ಕುಸಿತವೇ ಅವರ ತಳಮಟ್ಟವಾಯಿತು. ಹದಿನಾರು ತಿಂಗಳು ಕಡಗ ಅವರಿಗೆ, ನೀನು ಮೊದಲಿನ ಹಾಗೇ ಇದ್ದೀ, ಏನೂ ಆಗಿಲ್ಲ ಎಂದು ಹಸಿರು ತೋರಿಸುತ್ತ ಬಂತು.

ಕಡತವನ್ನು ಗಲಗಲಿ ಮೇಡಂ ಮುಂದಿಟ್ಟೆ. ಅವರು ತಮ್ಮ ಸಹಿಯ ತನಕ ಓದಿದರು. ಆಮೇಲೆ, “ತಿದ್ದ್ರಿ,” ಎಂದರು. ಅವರನ್ನು ನಾನು ಗೌರವಿಸುವುದು ಆ ಒಂದು ಮಾತಿಗೆ. ಮುಚ್ಚಿಹಾಕಬಹುದಿತ್ತು.

ಸ್ವಂತ ತಳಮಟ್ಟ ತೆಗೆದು, ಅದೇ ವಯಸ್ಸಿನ, ಅದೇ ಕೆಲಸದ ಗಟ್ಟಿಮುಟ್ಟಾದವರ ಸರಾಸರಿಯ ಜೊತೆ ಪ್ರತಿಯೊಬ್ಬರನ್ನೂ ಹೋಲಿಸುವ ಹೊಸ ಲೆಕ್ಕ ಬರೆದೆವು. ನಾಲ್ಕು ದಿನ ಹಿಡಿಯಿತು. ಗುರುವಾರ ಬೆಳಗ್ಗೆ ಹತ್ತಕ್ಕೆ ಗಲಗಲಿ ಮೇಡಂ ಗುಂಡಿ ಒತ್ತಿದರು. ಪರದೆಯ ಮೇಲೆ ಹಸಿರು ಚುಕ್ಕೆಗಳ ನಡುವೆ ಕೆಂಪು ಚುಕ್ಕೆಗಳು ಮೂಡತೊಡಗಿದವು. ಇನ್ನೂರ ಹನ್ನೆರಡು. ಅವರಲ್ಲಿ ನೂರ ತೊಂಬತ್ತು ಹೆಂಗಸರು. ರುದ್ರವ್ವನ ಅಂಕ ಮೂವತ್ತೆಂಟು.

ಫೋನುಗಳು ಶುರುವಾದವು. “ಹಾಲ ಕಾಸೂ ಮುಂದ ಚಲೋ ಇದ್ದಳಲ್ರಿ, ಉಕ್ಕೂದ್ರಾಗ ಕೆಂಪ್ ಹ್ಯಾಂಗಾದ್ಲು?” ಎಂದು ಒಬ್ಬ ಗಂಡ ಬೈದ. ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲಿ ಅಗಸಿ ಖಾಲಿಯಾಯಿತು ಎಂದು ದಾನವ್ವ ಸುದ್ದಿ ತಂದಳು.

ನಾನು ಹುಡುಕುತ್ತಿದ್ದದ್ದು ಒಂದೇ ಹೆಸರು. ಅಕ್ಕನೂ ಮೊದಲ ಕಂತಿನವಳು. ಆ ಶ್ರಾವಣದಲ್ಲಿ ಅವಳೂ ಒಂದೊಪ್ಪತ್ತು. ರೊಟ್ಟಿ ಬಡಿಯುತ್ತ ಅವಳು ಹೇಳಿದ ಮಾತು ನಾಲ್ಕು ದಿನದಿಂದ ನನ್ನ ಕಿವಿಯಲ್ಲಿತ್ತು. ಅವಳ ದೀಪ ಕೆಂಪಾಗಲಿ ಎಂದು ನಾನು ಹಾರೈಸುತ್ತಿದ್ದೆ. ಒಡಹುಟ್ಟಿದವಳಿಗೆ ಕೇಡು ಬಯಸಿದ ಹಾಗಲ್ಲವೆ ಎಂದು ನನ್ನನ್ನೇ ಕೇಳಿಕೊಂಡೆ. ಕೆಂಪಾದರೆ ಭಾವ ನೋಡುತ್ತಾನೆ, ಊರು ನೋಡುತ್ತದೆ, ನಾನು ಕ್ಷಮೆ ಕೇಳಬಹುದು: ಅಕ್ಕ, ಯಂತ್ರದ್ದು ತಪ್ಪಿತ್ತು.

ದಾಕ್ಷಾಯಣಿ ಮಲ್ಲೇಶಪ್ಪ, ನಲವತ್ನಾಲ್ಕು ವರ್ಷ. ಹಳೆಯ ಅಂಕ ಎಪ್ಪತ್ತೊಂದು. ಹೊಸ ಅಂಕ ಐವತ್ತೇಳು. ಹಸಿರು.

ಮೂರು ಸಲ ಲೆಕ್ಕ ಹಾಕಿದೆ. ಐವತ್ತೇಳು. ಯಂತ್ರ ಈಗ ತಪ್ಪಾಗಿರಲಿಲ್ಲ. ಗಂಡನ ಪಥ್ಯವನ್ನು ತಾನೂ ಮಾಡಿ, ಗಂಡನ ನಡಿಗೆಯನ್ನು ತಾನೂ ನಡೆದು ಅವಳ ಮೈಯ ಒಲೆ ನಿಜವಾಗಿಯೂ ಚೆನ್ನಾಗಿ ಉರಿಯುತ್ತಿತ್ತು. ಅವಳ ಸಂಕಟ ಬೇರೆ ಕಡೆಯಿಂದ ಬಂದಿತ್ತು, ಅಲ್ಲಿಗೆ ನಮ್ಮ ಸೂಜಿ ಹೋಗುತ್ತಿರಲಿಲ್ಲ. ಕೈಪಿಡಿಯ ನಲವತ್ತನೇ ಪುಟದ ಸಣ್ಣ ಅಕ್ಷರ ನನಗೆ ಬಾಯಿಪಾಠ ಬರುತ್ತಿತ್ತು. ಆದರೆ ಭಾವನಿಗೆ ನಲವತ್ತನೇ ಪುಟ ತೋರಿಸಿ ಏನು ಮಾಡಲಿ? ಅವನಿಗೆ ಗೊತ್ತಿದ್ದದ್ದು ಎರಡೇ ಬಣ್ಣ.

ಹಿರಿಯ ವಿಶ್ಲೇಷಕನಿಗೆ ಐದು ಅಂಕದ ಒಳಗೆ ಕೈಯಿಂದ ತಿದ್ದುವ ಅಧಿಕಾರವಿತ್ತು. ನೇಕಾರರ ಕೈ ನೂಲಿಗೆ ಬಣ್ಣ ಹಾಕುವ ನೀರಿನಲ್ಲಿ ನೆನೆದಾಗ ಕಡಗ ಎಷ್ಟೋ ಸಲ ತಪ್ಪು ಓದುತ್ತಿತ್ತು, ಅದಕ್ಕಾಗಿ. ತಿದ್ದಿದಾಗ ‘ಆಧಾರ’ ಎಂಬ ಖಾನೆ ತುಂಬಬೇಕು. ನಾನು ಐವತ್ತೇಳನ್ನು ಐವತ್ಮೂರು ಮಾಡಿದೆ. ಆಧಾರ: ಬಣ್ಣದ ನೀರು. ಕೆಂಪು ಚುಕ್ಕೆ ಮೂಡಿತು. ಇನ್ನೂರ ಹದಿಮೂರು.

ಹದಿನಾಲ್ಕು ವರ್ಷದ ಕೆಲಸದಲ್ಲಿ ನಾನು ಬರೆದ ಮೊದಲ ಸುಳ್ಳು ಅದು.

ಸಂಜೆ ಐದಕ್ಕೆ ಅಕ್ಕನ ಮನೆಗೆ ಹೋದಾಗ ಬಾಗಿಲಲ್ಲಿ ಆರು ಜೊತೆ ಚಪ್ಪಲಿ. ಪಡಸಾಲೆಯಲ್ಲಿ ನೆರೆಯ ಹೆಂಗಸರು ಕೂತಿದ್ದರು. ಸಾಲಾಗಿ ನಾಲ್ಕು ಡಬ್ಬಿ ಅಗಸಿ ಹಿಂಡಿ. ಭಾವ ಮಗ್ಗದಿಂದಲೇ ಕೂಗಿದ: “ಬಾರಪ್ಪಾ ಪ್ರಭು! ನಿಮ್ಮಕ್ಕಂದು ಕೆಂಪಾಗೇತಿ ನೋಡು! ನನಗೊಂದ್ ಮಾತ ಹೇಳಬಾರದೇನು ಇಕಿ? ನಾಳಿಂದ ಅಡಗಿಗೆ ನಮ್ಮ ತಂಗಿನ್ನ ಕರಸ್ತೀನಿ. ಇಕಿಗಿ ಮಕ್ಕೊ ಅಂತ ಹೇಳೀನಿ!”

ತೋರಿಕೆಯ ಮಾತಲ್ಲ ಅದು. ಅವನ ದನಿಯಲ್ಲಿ ನಿಜವಾದ ಕಳವಳ ಇತ್ತು. ಕೆಂಪು ದೀಪದ ಬದುಕು ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಅಕ್ಕನ ಭುಜ ಸವರಿ, “ಆರಾಮ ಆಗ್ತೈತಿ ತಗೋ, ನಮ್ಮತ್ತೀದು ಇಪ್ಪತ್ತೆಂಟಿತ್ತು,” ಎಂದು ಧೈರ್ಯ ಹೇಳಿ ಹೊರಟರು. ಅಕ್ಕ ಒಳಕೋಣೆಯಲ್ಲಿ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನಾನು ಬಾಗಿಲ ಹತ್ತಿರ ಕೂತೆ.

“ಎಪ್ಪತ್ತೊಂದಿತ್ತು. ಒಂದs ದಿನದಾಗ ಐವತ್ಮೂರು,” ಎಂದಳು ಅಕ್ಕ. “ಎಲ್ಲಾರದೂ ಹಂಗs ಆಗೇತಂತ. ಶ್ರಾವಣದ್ದೇನೋ ತಪ್ಪಿತ್ತಂತ.”

“ಹೂಂ.”

“ನಂದೂ ಹಂಗs ಏನು?”

ಹೂಂ ಅನ್ನಬಹುದಿತ್ತು. ಅಂದಿದ್ದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಈ ಸಲ ನಾನು ಮಣಿಕಟ್ಟಿನ ಕಡೆ ನೋಡುತ್ತಿರಲಿಲ್ಲ, ಮುಖದ ಕಡೆ ನೋಡುತ್ತಿದ್ದೆ. ಅವಳ ಕಣ್ಣ ಕೆಳಗಿನ ಕಪ್ಪು, ಒಳಗೆ ಇಳಿದ ಕೆನ್ನೆ, ಎಣ್ಣೆ ಕಾಣದ ಕೂದಲು, ಇವೆಲ್ಲ ಕಾರ್ತಿಕದ ಆ ರವಿವಾರವೂ ಇದ್ದವು. ಅದಕ್ಕೂ ಮೊದಲೂ ಇದ್ದಿರಬೇಕು.

“ಇಲ್ಲಕ್ಕ,” ಎಂದೆ. “ನಿಂದು ತಿದ್ದಿದ ಮ್ಯಾಲೂ ಐವತ್ತೇಳಿತ್ತು. ಹಸಿರು. ನಾನs ಕೈಯಾರೆ ಇಳಿಸೀನಿ.”

“ಯಾಕ?”

“ನಿನ್ನ ಯಾರರ ನೋಡ್ಲಿ ಅಂತ.”

ಅಕ್ಕ ಕಡಗದ ಕೆಂಪು ದೀಪವನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು, ಅಳಿಸಿ ಹೋಗುತ್ತದೇನೋ ಎಂಬಂತೆ.

“ಹಂಗಾದ್ರ ಈ ದೀಪ ಸುಳ್ಳು.”

“ಹೌದು.”

“ನನ್ನ ಸಂಕಟ?”

“ಅದು ಖರೆ.”

ಅವಳು ಮುಖ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ಸಿಟ್ಟು ಬಂದಿತ್ತು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಏನೋ ಒಂದು ಬಂದಿತ್ತು, ಸಿಟ್ಟಾದರೂ ಆಗಲಿ.

“ಅವತ್ತ ರೊಟ್ಟಿ ಬಡಿಯೂ ಮುಂದ ನಾ ಹೇಳಿದ್ದೂ ಇದನ್ನs ಅಲ್ಲೇನೋ? ಅವತ್ತs ಖರೆ ಅಂದಿದ್ರ ಈ ದೀಪ ಯಾಕ ಬೇಕಿತ್ತು?”

ಅವಳು ಅಳತೊಡಗಿದಳು. ನಾನೂ ಅತ್ತೆ. ಮುಂದೆ ನಾಲ್ಕು ಮಗ್ಗ ಓಡುತ್ತಿದ್ದವು, ಭಾವನಿಗೆ ಏನೂ ಕೇಳಿಸಲಿಲ್ಲ.

ಮರುದಿನ ರಜೆ ಹಾಕಿ ಅಕ್ಕನನ್ನು ಜಮಖಂಡಿಗೆ ಕರೆದುಕೊಂಡು ಹೋದೆ. ಇನಾಮದಾರರ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಒಂದು ತಂಬಿಗೆ ನೀರು. ಅವರು ಕಡಗದ ಕಡೆ ತಿರುಗಿಯೂ ನೋಡಲಿಲ್ಲ. “ಹೇಳವ್ವಾ, ಹ್ಯಾಂಗದಿ?” ಎಂದು ಕೇಳಿ ಕುರ್ಚಿಗೆ ಒರಗಿದರು. ಅಕ್ಕ ಮೊದಲು ನನ್ನ ಕಡೆ ನೋಡಿದಳು. ನಾನು ಎದ್ದು ಹೊರಗೆ ಹೋದೆ. ಒಂದು ತಾಸು ಹತ್ತು ನಿಮಿಷವಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಮಾತ್ರೆಯ ಚೀಟಿ ಇತ್ತು, ಮುಂದಿನ ಶುಕ್ರವಾರ ಮತ್ತೆ ಬರಬೇಕು ಎಂದಿದ್ದರು.

“ಇದು ಮಗ್ಗದ ಗುಂಡಿ ಒತ್ತಿದ ಹಾಂಗಲ್ರಿ,” ಎಂದರು ಇನಾಮದಾರ್ ನನಗೆ. “ಮಾತ್ರಿ ಹಿಡೀಲಿಕ್ಕೆ ಮೂರು ನಾಕು ವಾರ ಬೇಕು. ಅಲ್ಲೀತನ ಅಕಿನ್ನ ಒಬ್ಬಾಕಿನ್ನs ಬಿಡಬ್ಯಾಡ್ರಿ. ಮತ್ತ ಅಕಿ ಹೇಳಿದ್ದನ್ನ ತಿದ್ದಾಕ ಹೋಗಬ್ಯಾಡ್ರಿ.”

“ಕಡಗ, ಡಾಕ್ಟ್ರ?”

“ಇರ್ಲಿ ಬಿಡ್ರಿ. ನಡಗಿ, ಸಜ್ಜಿ ರೊಟ್ಟಿ ಎಲ್ಲಾ ಚಲೋನ. ಮೈ ಗಟ್ಟಿ ಇದ್ರ ಮನಸ್ಸಿಗೆ ಆಸರ. ಆದ್ರ ಕಡಗಕ್ಕ ಬಾಯಿಲ್ಲ, ನಿಮ್ಮಕ್ಕಗ ಐತಿ.”

ಮಧ್ಯಾಹ್ನ ಅಕ್ಕನನ್ನು ಮನೆಗೆ ಬಿಟ್ಟು ಕೇಂದ್ರಕ್ಕೆ ಬಂದೆ. ಅವಳ ದಾಖಲೆ ತೆರೆದೆ. ಐವತ್ಮೂರನ್ನು ಅಳಿಸಿ ಐವತ್ತೇಳು ಬರೆದೆ. ಅಂಕಕ್ಕೆ ಅದರ ಸತ್ಯವನ್ನು ಹಿಂದಿರುಗಿಸಬೇಕಿತ್ತು. ಆಮೇಲೆ ‘ಸ್ಥಿತಿ’ ಎಂಬ ಖಾನೆಯಲ್ಲಿ ‘ಖಿನ್ನತೆ ಇದೆ’ ಎಂದು ಬರೆದೆ. ಯಂತ್ರ ಒಪ್ಪಲಿಲ್ಲ. ಅಂಕ ಹಸಿರಿದ್ದಾಗ ಆ ಮಾತು ಬರೆಯಲು ಆಧಾರ ಕೊಡಿ ಎಂದಿತು. ಪಟ್ಟಿ ತೆರೆದುಕೊಂಡಿತು: ಸೂಜಿ ದೋಷ, ಬಣ್ಣದ ನೀರು, ಬೆವರು, ಜ್ವರ, ಇತರೆ. ‘ಇತರೆ’ ಒತ್ತಿದೆ. ಒಂದು ಸಾಲಿನ ಖಾಲಿ ಜಾಗ ಬಂತು. ಅದರಲ್ಲಿ ಬರೆದೆ: ‘ಅವಳು ಹೇಳಿದಳು.’

ಹಿಂದಿನ ದಿನದ ಸುಳ್ಳನ್ನೂ ಒಂದು ಕಾಗದದಲ್ಲಿ ಬರೆದು ಗಲಗಲಿ ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ಓದಿ, ಕನ್ನಡಕ ತೆಗೆದು, “ನಿಮ್ಮನ್ನ ವೀಕ್ಷಣಾ ಕೋಣಿಯಿಂದ ತೆಗೀಬೇಕಾಗ್ತೈತಿ,” ಎಂದರು. ನಾನು ಹೌದು ಎಂದೆ. “ಈ ‘ಅವಳು ಹೇಳಿದಳು’ ಅನ್ನೂದನ್ನ ಪಟ್ಟಿಗೆ ಸೇರಸೂದು ಹ್ಯಾಂಗ ಅಂತ ಬರದುಕೊಟ್ಟು ಹೋಗ್ರಿ,” ಎಂದು ಸೇರಿಸಿದರು.

ಕುರ್ಚಿ ಖಾಲಿ ಮಾಡುತ್ತಿರುವಾಗ ಭಾವನ ಫೋನ್ ಬಂತು. ಹಿಂದೆ ಮಗ್ಗಗಳ ಗದ್ದಲ.

“ಪ್ರಭು! ದೀಪ ಮತ್ತ ಹಸಿರಾತಪ್ಪ!” ಎಂದು ಕೂಗಿದ. “ಆರಾಮ ಆದ್ಲೇನು? ನಾ ನಮ್ಮ ತಂಗಿಗಿ ಬರಬ್ಯಾಡ ಅನ್ಲೇನು?”

“ನನಗ್ಯಾಕ ಕೇಳ್ತೀರಿ?” ಎಂದೆ. “ನಾ ಆ ದೀಪದಾಗ ಒಮ್ಮೆ ಸುಳ್ಳು ಬರದೀನಿ, ಒಮ್ಮೆ ಅದನ್ನ ನಂಬಿ ಕೆಟ್ಟೀನಿ. ಅಕಿನ್ನs ಕೇಳ್ರಿ.”

“ಆಂ? ಕೇಳವಲ್ದು!”

“ಅಕಿನ್ನ ಕೇಳ್ರಿ!” ನಾನೂ ಕೂಗಿದೆ. “ಮಗ್ಗ ಓಡೂ ಮುಂದ ಅಕಿ ಹೇಳಿದ್ದು ಕೇಳ್ಸೂದಿಲ್ರಿ!”

ಆ ಕಡೆ ಒಂದು ಮಗ್ಗದ ಸದ್ದು ನಿಂತಿತು. ಎರಡನೆಯದು ನಿಂತಿತು. ಮೂರನೆಯದು ನಿಲ್ಲಲು ಸ್ವಲ್ಪ ತಡವಾಯಿತು, ಅದರ ಗುಂಡಿ ಮೊದಲಿನಿಂದಲೂ ಬಿಗಿ. ಕೊನೆಗೆ ನಾಲ್ಕನೆಯದು. ಹಗಲು ಹೊತ್ತಿನಲ್ಲಿ ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಫೋನು ಕೈಯಲ್ಲಿದೆ ಎಂಬುದನ್ನು ಭಾವ ಮರೆತಿದ್ದ. ಅವನ ಹೆಜ್ಜೆ ಅಡುಗೆಮನೆಯ ತನಕ ಹೋದದ್ದು ಕೇಳಿಸಿತು.

“ದಾಕ್ಷಾಯಣಿ,” ಎಂದ. ಕೂಗಲಿಲ್ಲ. “ಹ್ಯಾಂಗದಿ?”

ಅಕ್ಕ ಮಾತು ಶುರುಮಾಡಿದಳು. ಅದು ಅವನಿಗೆ ಹೇಳುವ ಮಾತಾಗಿತ್ತು. ನಾನು ಫೋನ್ ಇಟ್ಟೆ.